ನಲ್ಲಿ ನೀರಿನ ನೈಟ್ರೈಟ್: ಮೂಲ ಹುಡುಕಿದ್ದು ಹೀಗೆ

ಕಾರವಾರದಲ್ಲಿ ಕುಡಿಯುವ ನೀರು ಪರೀಕ್ಷೆ ಮಾಡುವಾಗ ನಾನು ನೈಟ್ರೇಟ್‌ಗಿಂತ ನೈಟ್ರೈಟ್ ಕಡೆ ಜಾಸ್ತಿ ಗಮನ ಕೊಡುತ್ತೇನೆ. ಎರಡೂ ನೀರಿನಲ್ಲಿ ಕರಗುವ ಸಾರಜನಕದ ಸಂಯುಕ್ತಗಳೇ. ನೈಟ್ರೇಟ್ ಎಂದೋ ಹಾಕಿದ ಗೊಬ್ಬರದಿಂದಲೂ ಬಂದಿರಬಹುದು. ನೈಟ್ರೈಟ್ ಹಾಗಲ್ಲ. ಬ್ಯಾಕ್ಟೀರಿಯಾಗಳು ಹೊಲಸಿನ ಅಮೋನಿಯಾವನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್. ನಡುವಿನದು ಜಾಸ್ತಿ ಕಂಡರೆ ಹೊಲಸು ಹತ್ತಿರದಲ್ಲೇ ಎಲ್ಲೋ ಸೇರುತ್ತಿದೆಯೇ ಎಂದು ಹುಡುಕಲೇಬೇಕು.

ಬೇಸಿಗೆಯಲ್ಲಿ ಒಂದು ಮನೆಗೆ ಕರೆದರು. ಮಗಳು ಬಾಣಂತನಕ್ಕೆ ಬಂದಿದ್ದಳು. ಮಗುವಿಗೆ ಪುಡಿ ಹಾಲು. ಅಡುಗೆಮನೆ ನಲ್ಲಿಯ ನೀರಿಗೆ ಕಿಟ್‌ನ ಔಷಧಿ ಹಾಕಿದೆ. ಗಾಢ ಗುಲಾಬಿ ಬಣ್ಣ ಬಂತು, ಅಂದರೆ ನೈಟ್ರೈಟ್ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 3 ಮಿಲಿಗ್ರಾಂ ನೈಟ್ರೈಟ್. ಇಲ್ಲಿ ಅದಕ್ಕೂ ಜಾಸ್ತಿ ಇತ್ತು. ಕೆಲವು ಕಿಟ್‌ಗಳು ನೈಟ್ರೈಟ್‌ನಲ್ಲಿರುವ ಸಾರಜನಕದ ತೂಕವನ್ನಷ್ಟೇ ತೋರಿಸುತ್ತವೆ. ಆಗ ಸುಮಾರು 3.3ರಿಂದ ಗುಣಿಸಬೇಕು. ಇದನ್ನು ನೋಡದೆ ಸುಮ್ನೆ ಸಂಖ್ಯೆ ಬರೆದುಕೊಂಡರೆ ಅಪಾಯ.

ಅದೇ ನೀರಿನಲ್ಲಿ ಕ್ಲೋರಿನ್ ಕೂಡ ನೋಡಿದೆ. ಕ್ಲೋರಿನ್ ಇದ್ದರೆ ಹಳದಿಯಾಗುವ ಹಳೆಯ ಓ.ಟಿ. (ಆರ್ಥೋಟಾಲಿಡಿನ್) ದ್ರಾವಣ ಇಲ್ಲಿ ಬೇಡ, ನೈಟ್ರೈಟ್ ಇದ್ದರೂ ಅದು ಹಳದಿ ಆಗಬಹುದು. ಕ್ಲೋರಿನ್ ಇದ್ದರೆ ನೀರನ್ನು ಗುಲಾಬಿ ಮಾಡುವ ಡಿಪಿಡಿ ಮಾತ್ರೆ ಹಾಕಿದೆ. ಬಣ್ಣವೇ ಇಲ್ಲ. ನಲ್ಲಿ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಆದರೆ ನೈಟ್ರೈಟ್ ಅದನ್ನು ತಿಂದುಹಾಕುತ್ತದೆ. ಅದಕ್ಕೇ ನಾನು ಎರಡನ್ನೂ ಜೊತೆಯಲ್ಲೇ ನೋಡುವುದು.

ಅಲ್ಲಿಂದ ಹಿಂದಕ್ಕೆ ಹೋದೆ. ಮೇಲಿನ ಟ್ಯಾಂಕ್, ಗುಲಾಬಿ. ಸಂಪ್, ಇನ್ನೂ ಗಾಢ. ಮೀಟರ್ ಹತ್ತಿರದ ನಲ್ಲಿಯಲ್ಲಿ ಸ್ವಲ್ಪ ಹೊತ್ತು ನೀರು ಬಿಟ್ಟು ಹಿಡಿದೆ. ನೈಟ್ರೈಟ್ ಇಲ್ಲ, ಕ್ಲೋರಿನ್ ಇದೆ. ಅಂದರೆ ಪೈಪಿನಲ್ಲಿ ಬಂದ ನೀರು ಸರಿ ಇತ್ತು. ಕೇಳಿದಾಗ ಗೊತ್ತಾಯಿತು, ನೀರು ಸಾಲದ ದಿನ ಬಾವಿ ನೀರನ್ನೂ ಅದೇ ಸಂಪಿಗೆ ಬಿಡುತ್ತಿದ್ದರು. ಬಾವಿಯ ಸಮೀಪವೇ ಪಕ್ಕದ ಕಾಂಪೌಂಡಿನ ಹೊಲಸು ನೀರಿನ ಇಂಗುಗುಂಡಿ. ನಮ್ಮ ಚಿರೇಕಲ್ಲಿನ ನೆಲ ತೂತು ತೂತು, ನೀರು ಸೋಸುವ ಮೊದಲೇ ಹರಿದುಬಿಡುತ್ತದೆ. ಬಾವಿ ನೀರಿನಲ್ಲಿ ಅಮೋನಿಯಾವೂ ಇತ್ತು, ನೈಟ್ರೈಟೂ ಇತ್ತು.

‘ಕುದಿಸಿಯೇ ಕೊಡ್ತೇವಲ್ಲ ತಮ್ಮಾ?’ ಎಂದರು ಅಜ್ಜಿ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೈಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಜಾಸ್ತಿಯಾಗುತ್ತದೆ. ನೈಟ್ರೈಟ್ ಆರು ತಿಂಗಳೊಳಗಿನ ಮಗುವಿನ ರಕ್ತ ಆಮ್ಲಜನಕ ಸಾಗಿಸದ ಹಾಗೆ ಮಾಡುತ್ತದೆ. ತುಟಿ, ಉಗುರು ನೀಲಿಯಾಗುತ್ತವೆ. ಅವರಿಗೆ ಇದನ್ನು ಕೂತು ಬಿಡಿಸಿ ಹೇಳಿದೆ. ಆ ಹೊತ್ತಿನಿಂದಲೇ ಮಗುವಿನ ಹಾಲಿಗೆ ಮೀಟರ್ ನಲ್ಲಿಯ ನೀರನ್ನು ಕುದಿಸಿ ಬಳಸಿದರು.

ಬಾವಿಯಿಂದ ಸಂಪಿಗೆ ಬರುವ ಪೈಪ್ ಕಳಚಿಸಿದೆವು. ಸಂಪ್, ಟ್ಯಾಂಕ್ ಎರಡನ್ನೂ ಖಾಲಿ ಮಾಡಿ, ತಿಕ್ಕಿ, ಬ್ಲೀಚಿಂಗ್ ಪುಡಿ ಹಾಕಿ ತೊಳೆದೆವು. ಮತ್ತೆ ಪರೀಕ್ಷಿಸಿದಾಗ ಅಡುಗೆಮನೆ ನೀರಿನಲ್ಲಿ ನೈಟ್ರೈಟ್ ಇರಲಿಲ್ಲ, ಕ್ಲೋರಿನ್ ಇತ್ತು. ಬಾವಿ ನೀರು ಈಗ ತೆಂಗಿನ ಬುಡಕ್ಕೆ ಮಾತ್ರ. ಇಂಗುಗುಂಡಿ ಬೇರೆ ಕಡೆಗೆ ಹಾಕಲು ಪಕ್ಕದವರೂ ಒಪ್ಪಿದ್ದಾರೆ.