‘ಅಂತೆ’ಗೆ ಇಂಗ್ಲಿಷ್ ಹುಡುಕಿದ್ದು

ಸಾಗರದಲ್ಲಿ ಕೂತು ಸುತ್ತಲ ಊರುಗಳ ಸುದ್ದಿಯನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸುವುದು ನನ್ನ ಕೆಲಸ. ಶುರುವಿನಲ್ಲಿ ನನ್ನನ್ನು ಸತಾಯಿಸಿದ್ದು ನಮ್ಮದೇ ‘ಅಂತೆ’. ಮಾತಿನಲ್ಲಾದರೆ ಎಲ್ಲರ ಹಾಗೆ ನಾನೂ ವಾಕ್ಯದ ಬಾಲಕ್ಕೆ ‘ಇಟ್ ಸೀಮ್ಸ್’ ಸಿಕ್ಕಿಸಿ ದಾಟಿಬಿಡುತ್ತಿದ್ದೆ: ‘ಹಿ ಕೇಮ್, ಇಟ್ ಸೀಮ್ಸ್’. ಅದು ಇಂಗ್ಲಿಷ್ ಅಂಗಿ ತೊಟ್ಟ ‘ಬಂದನಂತೆ’. ನಮ್ಮ ಮಾತಿನ ಧಾಟಿ ಗೊತ್ತಿಲ್ಲದವರಿಗೆ ಮಾತ್ರ ‘ಬಂದ ಹಾಗೆ ಕಾಣುತ್ತದೆ’ ಅಂತ ಕೇಳಿಸುತ್ತದೆ.

ಒಮ್ಮೆ ಅಡಿಕೆ ಕಳವಾಯಿತು. ‘ಪಕ್ಕದ ತೋಟದವನೇ ಕದ್ದನಂತೆ’ ಅಂತ ಊರೆಲ್ಲ ಮಾತು. ನಾನು ‘ಅಪರೆಂಟ್ಲಿ’ ಹಾಕಿ ಕಳಿಸಿದೆ. ಅರ್ಧ ಗಂಟೆಗೆ ಸುದ್ದಿ ತಿದ್ದುವ ಡೆಸ್ಕಿನಿಂದ ಫೋನು: ‘ಏನ್ರೀ, ಕದ್ದಿದ್ದನ್ನ ನೀವು ನೋಡಿದ್ರಾ?’ ಆ ಪದ ಕೇಳಿದ ಮಾತಿಗೂ ಆಗುತ್ತದೆ, ಕಣ್ಣಿಗೆ ಕಂಡ ಗುರುತು ಹಿಡಿದು ಊಹಿಸಿದ್ದಕ್ಕೂ ಆಗುತ್ತದೆ. ಆರೋಪಕ್ಕೆ ‘ಅಲೆಜೆಡ್ಲಿ’ ಬೇಕು. ಅದೂ ಸಾಲದು, ದೂರು ಕೊಟ್ಟವರೋ ಪೊಲೀಸರೋ, ಹೇಳಿದ್ದು ಯಾರು ಅಂತ ಬರೆಯಬೇಕು. ಯಾರೂ ಹೇಳಿಲ್ಲದಿದ್ದರೆ ಆ ಸಾಲೇ ಬೇಡ. ‘ಅಲೆಜೆಡ್ಲಿ’ಯನ್ನು ತಾಯಿತದ ಹಾಗೆ ಕಟ್ಟಿಕೊಂಡು ಏನು ಬೇಕಾದರೂ ಬರೆಯುವವರನ್ನು ಕಂಡರೆ ನನಗೆ ಈಗಲೂ ನಗು.

ಉಳಿದದ್ದನ್ನು ಕಲಿಸಿದ್ದು ಲಿಂಗನಮಕ್ಕಿ ಅಣೆಕಟ್ಟು. ಮಳೆಗಾಲದಲ್ಲಿ ನೀರು 1819 ಅಡಿಯ ಭರ್ತಿ ಮಟ್ಟದ ಹತ್ತಿರ ಬಂತೆಂದರೆ ಮೊಬೈಲಿನಲ್ಲಿ ‘ಗೇಟು ತೆಗೆದ್ರಂತೆ’ ಶುರು. ಜೋಗಕ್ಕೆ ಕಾರುಗಳ ಸಾಲು. ಒಂದು ದಿನ ಕೂತು ಹಾಳೆಯಲ್ಲಿ ಬರೆದುಕೊಂಡೆ. ‘ತೆಗೆದ್ರಂತೆ’ಗೆ ‘ರಿಪೋರ್ಟೆಡ್ಲಿ’. ಮಳೆ, ಒಳಹರಿವು ನೋಡಿ ನಾವೇ ಲೆಕ್ಕ ಹಾಕಿ ‘ತೆಗೆದಿರಬೇಕು’ ಅಂದರೆ ‘ಪ್ರಿಸ್ಯೂಮಬ್ಲಿ’. ‘ತೆಗೆದಿರಬಹುದು’ಗೆ ‘ಪರ್‌ಹ್ಯಾಪ್ಸ್’. ‘ತೆಗೆದಾರು’ ಅನ್ನುವ ಚೆಂದದ ರೂಪಕ್ಕೆ ಸರಿಜೋಡಿ ನನಗೆ ಸಿಕ್ಕಿಲ್ಲ, ಒಲ್ಲದ ಮನಸ್ಸಿನಿಂದ ‘ಮೇ’ ಅಂತ ಬರೆಯುತ್ತೇನೆ. ಮೂಗು ಮುರಿದು ‘ತೆಗೆದ್ರಂತೆ, ತೆಗೆದ್ರಂತೆ!’ ಅಂದರೆ ಅದು ‘ಸಪೋಸೆಡ್ಲಿ’, ಹೇಳುವವನಿಗೇ ನಂಬಿಕೆಯಿಲ್ಲ. ಸುದ್ದಿಯಲ್ಲಿ ಅದನ್ನು ಹಾಕಲು ಹೆದರುತ್ತೇನೆ, ಬರೆದವನ ಸೊಟ್ಟ ಮುಖ ಓದುವವರಿಗೆ ಕಂಡುಬಿಡುತ್ತದೆ.

ಇಂಥ ಪದವನ್ನು ವಾಕ್ಯದಲ್ಲಿ ಎಲ್ಲಿ ಕೂರಿಸುವುದು ಅನ್ನುವ ತಕರಾರು ಬೇರೆ. ‘ಪ್ರಾಬಬ್ಲಿ’ ಸಾಮಾನ್ಯವಾಗಿ ‘ವಿಲ್’ ಆದಮೇಲೆ ಬರುತ್ತದೆ, ‘ವೋಂಟ್’ ಇದ್ದರೆ ಅದಕ್ಕೂ ಮುಂಚೆ. ಇದನ್ನು ಬಾಯಿಪಾಠ ಮಾಡಿದೆ, ಅಷ್ಟೆ.

ಮೊನ್ನೆ ಅಮ್ಮ ಒಳಗಿಂದ ಕೇಳಿದಳು: ‘ಗೇಟು ತೆಗೆದ್ರಂತಲ್ಲೋ?’

‘ಯಾರು ಹೇಳಿದ್ದು?’

‘ಹಾಲಿನವನು.’

‘ಅವನಿಗೆ ಯಾರು ಹೇಳಿದ್ದು?’

‘ಎಂತ ಮಾರಾಯ, ನಿನ್ನ ಹತ್ರ ಒಂದು ಮಾತಾಡೋ ಹಾಗಿಲ್ಲ’ ಅಂತ ಒಲೆ ಕಡೆ ತಿರುಗಿದಳು.