ಹಳೇ ಪೋರ್ಟಿನ ಸ್ಪೀಡು, ಇವತ್ತಿನ ಲೆಕ್ಕ

ಪೀಣ್ಯದಲ್ಲಿ ಗೆಳೆಯನೊಬ್ಬ ಡೈ ಕೆತ್ತುವ ಸಣ್ಣ ಶಾಪ್ ಇಟ್ಟಿದ್ದಾನೆ. ಕಂಪ್ಯೂಟರ್ ಪ್ರೋಗ್ರಾಮ್ ಹೇಳಿದಂತೆ ಲೋಹ ಕೆತ್ತುವ ಅವನ ಸಿಎನ್‌ಸಿ ಮಷೀನ್ ಹಳೆಯದು, ಮೆಮೊರಿ ಚಿಕ್ಕದು. ಹಾಗಾಗಿ ಪಕ್ಕದ ಕಂಪ್ಯೂಟರಿನಿಂದ ಸೀರಿಯಲ್ ಕೇಬಲ್ಲಿನಲ್ಲಿ ಪ್ರೋಗ್ರಾಮನ್ನು ಸಾಲು ಸಾಲಾಗಿ ಕಳಿಸುತ್ತಲೇ ಇರಬೇಕು. ಆ ಕಡೆ ಟೂಲ್ ಓಡುತ್ತಲೇ ಇರುತ್ತದೆ. ಮೊನ್ನೆ ಫೋನ್ ಮಾಡಿದ: “ಟೂಲು ತಡವರಿಸ್ತಿದೆ ಕಣೋ. ಜಾಬ್ ಮೇಲೆಲ್ಲ ಗೆರೆ. ಸ್ಪೀಡೇನು ಕಮ್ಮಿ ಇಲ್ಲ, 4800 ಇದೆ.” 4800 ಏನು ಅಂತ ಕೇಳಿದೆ. ಸುಮ್ಮನಾದ.

ಹಳೇ ಪೋರ್ಟುಗಳ ವಿಷಯದಲ್ಲಿ ಎಡವಟ್ಟಾಗುವುದು ಇಲ್ಲೇ. ಅಂಕಿ ಬಾಯಲ್ಲಿರುತ್ತದೆ, ಯಾವುದರ ಅಂಕಿ ಅನ್ನುವುದು ಗೊತ್ತಿರುವುದಿಲ್ಲ. ಹಿಂದೆ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮ ಇರುತ್ತಿರಲಿಲ್ಲವಲ್ಲ, ಹಾಗೆ.

ಮೊದಲು, ಎಣಿಸಿದ್ದು ಏನು ಅಂತ ನೋಡಿ

ಸೀರಿಯಲ್ ಪೋರ್ಟ್ ಸೆಟ್ಟಿಂಗಿನಲ್ಲಿ ಬರುವುದು ಬಾಡ್. ಫ್ರಾನ್ಸಿನ ಟೆಲಿಗ್ರಾಫ್ ಎಂಜಿನಿಯರ್ ಎಮಿಲ್ ಬೋಡೊ ಹೆಸರಿನಿಂದ ಬಂದ ಪದ. ಬಾಡ್ ಅಂದರೆ ತಂತಿಯಲ್ಲಿ ಸೆಕೆಂಡಿಗೆ ಎಷ್ಟು ಸಂಕೇತ ಹೋಗುತ್ತದೆ ಅನ್ನುವ ಲೆಕ್ಕ. ಸಂಕೇತವನ್ನು ಬಸ್ಸಿನ ಒಂದು ಟ್ರಿಪ್ ಅಂದುಕೊಳ್ಳಿ. ಬಿಟ್, ಅಂದರೆ ಒಂದೊಂದು 0 ಅಥವಾ 1, ಅದರಲ್ಲಿ ಕೂತ ಜನ. ಸೀರಿಯಲ್ ಕೇಬಲ್ಲಿನಲ್ಲಿ ಟ್ರಿಪ್ಪಿಗೆ ಒಬ್ಬನೇ, ಹಾಗಾಗಿ 4800 ಬಾಡ್ ಅಂದರೆ 4800 ಬಿಟ್. ಟೆಲಿಫೋನ್ ಮೋಡೆಮ್ಮಿನಲ್ಲಿ ಹಾಗಲ್ಲ. ವಿ.22ಬಿಸ್ ಮೋಡೆಮ್ 600 ಬಾಡ್‌ನಲ್ಲೇ 2400 ಬಿಟ್ ಸಾಗಿಸುತ್ತಿತ್ತು, ಟ್ರಿಪ್ಪಿಗೆ ನಾಲ್ಕು. ಅದನ್ನೂ ಜನ 2400 ಬಾಡ್ ಅಂತಲೇ ಕರೆದರು.

ಆಮೇಲೆ, ಒಂದು ಬೈಟಿಗೆ ಎಷ್ಟು ಬಿಟ್ ಖರ್ಚು?

ಎಂಟು ಅನ್ನಬೇಡಿ. ಡಿಸ್ಕಿನಲ್ಲಿ ಎಂಟು, ತಂತಿಯ ಮೇಲೆ ಜಾಸ್ತಿ. ಸಾಮಾನ್ಯ ಸೀರಿಯಲ್ ಸೆಟ್ಟಿಂಗಿನಲ್ಲಿ ಮೊದಲು ಒಂದು ಸ್ಟಾರ್ಟ್ ಬಿಟ್, ಆಮೇಲೆ ಎಂಟು ಡೇಟಾ ಬಿಟ್, ಕೊನೆಗೆ ಒಂದು ಸ್ಟಾಪ್ ಬಿಟ್. ಒಟ್ಟು 10. ಅಂದರೆ 9600 ಬಾಡ್‌ಗೆ ಸೆಕೆಂಡಿಗೆ 960 ಬೈಟ್.

ಗೆಳೆಯನ ಮಷೀನಿನ ಪ್ಯಾರಾಮೀಟರ್ ಪುಟದ ಫೋಟೊ ತರಿಸಿ ನೋಡಿದೆ. ಏಳು ಡೇಟಾ ಬಿಟ್, ತಪ್ಪು ಪತ್ತೆಗೆ ಒಂದು ಪ್ಯಾರಿಟಿ ಬಿಟ್, ಎರಡು ಸ್ಟಾಪ್ ಬಿಟ್. ಸ್ಟಾರ್ಟ್ ಬಿಟ್ ಸೇರಿಸಿದರೆ 11. 4800ನ್ನು 11ರಿಂದ ಭಾಗಿಸಿದರೆ ಸೆಕೆಂಡಿಗೆ 436 ಅಕ್ಷರ. ಫೈಲಿನಲ್ಲಿ ಒಂದು ಅಕ್ಷರ ಒಂದು ಬೈಟ್, ಆದ್ದರಿಂದ ಅರ್ಧ ಕಿಲೋಬೈಟೂ ಇಲ್ಲ! ಮನೆಗೆ ಬರುವ 100 ಮೆಗಾಬಿಟ್ ಲೈನಿನ ಪಕ್ಕ ಇಟ್ಟರೆ 4800 ಬಿಟ್ ಅಂದರೆ 0.0048 ಮೆಗಾಬಿಟ್. ಇಪ್ಪತ್ತು ಸಾವಿರದಲ್ಲಿ ಒಂದು ಪಾಲೂ ಇಲ್ಲ.

ಈ ತಂತಿಯ ಖರ್ಚು ಹಳೇ ಪೋರ್ಟಿಗೆ ಮಾತ್ರ ಅಂದುಕೊಳ್ಳಬೇಡಿ. ಹಾರ್ಡ್ ಡಿಸ್ಕ್ ಜೋಡಿಸುವ ಸಾಟಾದ 6 ಗಿಗಾಬಿಟ್ ಲೈನೂ ಎಂಟು ಬಿಟ್ ಕಳಿಸಲು ಹತ್ತು ಬಿಟ್ ಬಳಸುತ್ತದೆ. ಹಾಗಾಗಿ ಸೆಕೆಂಡಿಗೆ 750 ಅಲ್ಲ, 600 ಮೆಗಾಬೈಟ್. ಯುಎಸ್‌ಬಿ 3.0ದ 5 ಗಿಗಾಬಿಟ್ ಕೂಡ ಹಾಗೇ, 500 ಮೆಗಾಬೈಟ್. ಯುಎಸ್‌ಬಿ 2.0ರ 480 ಮೆಗಾಬಿಟ್ ಕಾಗದದ ಮೇಲೆ 60 ಮೆಗಾಬೈಟ್. ಫೈಲ್ ಕಾಪಿ ಮಾಡುವಾಗ ಸಿಗುವುದು 30-40.

ವೇಗ ಅಂತ ನೇರವಾಗಿ ಹೇಳದ ಅಂಕಿಗಳು

ಕಂಪ್ಯೂಟರಿನೊಳಗೆ ಕಾರ್ಡ್ ಸಿಕ್ಕಿಸುವ ಹಳೇ ಪಿಸಿಐ ಸ್ಲಾಟಿನ ಬಗ್ಗೆ 32 ಬಿಟ್, 33 ಮೆಗಾಹರ್ಟ್ಸ್ ಅಂತಷ್ಟೇ ಹೇಳಿರುತ್ತಾರೆ. ಎರಡನ್ನೂ ಗುಣಿಸಿ, ಎಂಟರಿಂದ ಭಾಗಿಸಿ. ಸುಮಾರು 133 ಮೆಗಾಬೈಟ್. ಒಂದು ಗಿಗಾಬಿಟ್ ನೆಟ್‌ವರ್ಕ್ ಕಾರ್ಡೇ 125 ನುಂಗುತ್ತದೆ. ಅದೂ ಒಂದು ದಿಕ್ಕಿಗೆ.

ಸಿಡಿ ಡ್ರೈವ್ ಮೇಲಿನ 52ಎಕ್ಸ್ ಅಂದರೆ? ಡೇಟಾ ಸಿಡಿಯ 1ಎಕ್ಸ್ ಸೆಕೆಂಡಿಗೆ 1,53,600 ಬೈಟ್. 52ರಿಂದ ಗುಣಿಸಿದರೆ ಸುಮಾರು 8 ಮೆಗಾಬೈಟ್, ಅಂದರೆ 64 ಮೆಗಾಬಿಟ್. ಅದೂ ಡಿಸ್ಕಿನ ಹೊರ ಅಂಚಿನಲ್ಲಿ ಮಾತ್ರ. ಡಿವಿಡಿಯ ಎಕ್ಸ್ ಬೇರೆಯೇ, ಸಿಡಿಯದಕ್ಕಿಂತ ಒಂಬತ್ತು ಪಟ್ಟು ದೊಡ್ಡದು.

ಸಾವಿರವೋ, 1024ವೋ?

ವೇಗ ಹೇಳುವಾಗ ಕಿಲೋ ಅಂದರೆ 1000. ಫೈಲ್ ಸೈಜ್ ತೋರಿಸುವಾಗ ವಿಂಡೋಸ್ ಕಿಲೋ ಅಂದರೆ 1024. ಈ ಗಲಿಬಿಲಿ ತಪ್ಪಿಸಲು 1024ರ ಲೆಕ್ಕಕ್ಕೆ ಕಿಬಿ, ಮೆಬಿ ಅಂತ ಬೇರೆ ಹೆಸರು ಬಂದದ್ದು 1998ರಲ್ಲಿ. ಮಾತಿನಲ್ಲಿ ಯಾರು ಬಳಸುತ್ತಾರೆ ಹೇಳಿ. ನನಗೆ ನಗು ಬರುವುದು 1.44 ಎಂಬಿ ಫ್ಲಾಪಿ ನೆನೆದರೆ. ಅದರಲ್ಲಿ ಹಿಡಿಯುವುದು 14,74,560 ಬೈಟ್, ಅಂದರೆ 1440 ಸಲ 1024. ಅದನ್ನು ಮತ್ತೆ 1000ದಿಂದ ಭಾಗಿಸಿ 1.44 ಮಾಡಿದ್ದಾರೆ. ಆ ಲೆಕ್ಕಕ್ಕೂ ಇಲ್ಲ, ಈ ಲೆಕ್ಕಕ್ಕೂ ಇಲ್ಲ. ಅನುಮಾನ ಬಂದರೆ ಬರೀ ಬೈಟಿಗೆ ಇಳಿದುಬಿಡಿ. ಆ ಫ್ಲಾಪಿಯನ್ನು 9600 ಬಾಡ್‌ನಲ್ಲಿ ಕಳಿಸಲು 14,74,560 ಭಾಗಿಸು 960, ಸರಿಯಾಗಿ 1536 ಸೆಕೆಂಡ್. ಇಪ್ಪತ್ತೈದೂವರೆ ನಿಮಿಷ ಅಂದುಕೊಳ್ಳಿ.

ಈಗ ಪೀಣ್ಯಕ್ಕೆ ವಾಪಸ್. ಗೆಳೆಯನ ಪ್ರೋಗ್ರಾಮಿನಲ್ಲಿ ಸಾಲಿಗೆ ಸುಮಾರು 25 ಅಕ್ಷರ. ಸೆಕೆಂಡಿಗೆ 436 ಅಕ್ಷರ ಬಂದರೆ ಹದಿನೇಳು ಸಾಲು. ಒಂದು ಸಾಲಿಗೆ ಟೂಲ್ ಅರ್ಧ ಮಿಲಿಮೀಟರ್ ಸರಿಯುತ್ತದೆ. ಅಂದರೆ ನಿಮಿಷಕ್ಕೆ 520 ಮಿಲಿಮೀಟರ್ ಆಸುಪಾಸು. ಅವನು ಫೀಡ್, ಅಂದರೆ ಟೂಲ್ ಸರಿಯುವ ವೇಗ, ಕೊಟ್ಟಿದ್ದು 700! ಸಾಲು ಬರುವಷ್ಟರಲ್ಲಿ ಟೂಲ್ ಅಲ್ಲಿಗೆ ಹೋಗಿ ಕಾಯುತ್ತಿತ್ತು. ಕಾದಲ್ಲೆಲ್ಲ ಗೆರೆ.

9600ಕ್ಕೆ ಏರಿಸೋಣ ಅಂದರೆ ಶೆಡ್ಡಿನ ಉದ್ದಕ್ಕೂ ಎಳೆದ ಹಳೇ ಕೇಬಲ್ಲಿನಲ್ಲಿ ಎರರ್ ಬಂತು. ಆಗ ಕಣ್ಣಿಗೆ ಬಿದ್ದದ್ದು ಪ್ರತಿ ಸಾಲಿನ ಮುಂದಿದ್ದ ಸಾಲು ನಂಬರ್. ಎನ್ ಅಕ್ಷರ, ಐದಂಕಿ, ಒಂದು ಸ್ಪೇಸ್. ಒಟ್ಟು ಏಳು. ಆ ಪ್ರೋಗ್ರಾಮಿಗೆ ನಂಬರ್ ಬೇಕಾಗಿಯೇ ಇರಲಿಲ್ಲ. ತೆಗೆಸಿದೆ. ಸಾಲಿಗೆ 18 ಅಕ್ಷರ ಉಳಿಯಿತು, ಸೆಕೆಂಡಿಗೆ 24 ಸಾಲು, ನಿಮಿಷಕ್ಕೆ 720ರ ಮೇಲೆ. ಸಂಜೆ ಅವನೇ ಜಾಬಿನ ಫೋಟೊ ಕಳಿಸಿದ. ಗೆರೆ ಇರಲಿಲ್ಲ.