ಹಾರ್ಟ್‌ರೇಟ್ ಕಡಿಮೆ ತೋರಿಸ್ತಾ ಇದೆಯಾ? ಮೊದಲು ಗುಳಿಗೆ ಡಬ್ಬ ತೆಗೆಯಿರಿ

ಮಕ್ಕಳು ಗಲ್ಫಿನಿಂದ ಕಳಿಸಿದ ಸ್ಮಾರ್ಟ್‌ವಾಚ್ ಈಗ ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಎಷ್ಟೋ ಹಿರಿಯರ ಕೈಯಲ್ಲಿದೆ. ಅದರಲ್ಲಿ 48 ಅಂತ ಕಂಡರೆ ಸಾಕು, ಫ್ಯಾಮಿಲಿ ಗ್ರೂಪಿನಲ್ಲಿ ಸಲಹೆ ಶುರು. ಕಾಫಿ ಕುಡಿಯಿರಿ, ಶುಂಠಿ ಕಷಾಯ ಕುಡಿಯಿರಿ, ಜೋರಾಗಿ ಕೆಮ್ಮಿ. ಬಡಿತ ಏರಿಸುವುದೇನೂ ದೊಡ್ಡ ಕಷ್ಟವಲ್ಲ, ತೋಟದಿಂದ ಮನೆಗೆ ಗುಡ್ಡ ಹತ್ತಿ ಬಂದರೆ ತಾನಾಗಿ ಏರುತ್ತದೆ. ಸ್ವಲ್ಪ ಹೊತ್ತು ಕೂತರೆ ಮತ್ತೆ ಇಳಿಯುತ್ತದೆ. ಸುಮ್ನೆ ಕೂತಾಗಿನ ಬಡಿತ ಏರಬೇಕಾದರೆ ಅದನ್ನು ಕೆಳಗೆ ಎಳೆಯುತ್ತಿರುವುದು ಯಾವುದು ಅಂತ ಹುಡುಕಬೇಕು, ಬೇರೆ ದಾರಿ ಇಲ್ಲ.

ಒಂದು ಮಾತು ಮೊದಲೇ. ಬಡಿತ ಕಡಿಮೆ ಇದ್ದು ಎದೆನೋವು, ಉಸಿರುಕಟ್ಟುವುದು, ಎಚ್ಚರ ತಪ್ಪುವುದು, ಮಾತು ತೊದಲುವುದು ಏನಾದರೂ ಇದ್ದರೆ ಇದನ್ನು ಓದುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಬೈಕಿನ ಹಿಂದೆ ಕೂರಿಸಿಕೊಂಡು ನೇರ ಮಂಗಳೂರಿಗೆ ಓಡುವುದೂ ಬೇಡ. ಹತ್ತಿರದಲ್ಲಿ ಇಸಿಜಿ ಇರುವ ಆಸ್ಪತ್ರೆಗೆ ಮೊದಲು ಹೋಗಿ.

ಹಾಗೇನೂ ಇಲ್ಲ, ಆರಾಮಾಗಿದ್ದೀರಿ ಅಂದರೆ ವಾಚನ್ನು ಪಕ್ಕಕ್ಕಿಟ್ಟು ಬೆರಳಿನಿಂದ ಎಣಿಸಿ. ಬೆಳಗ್ಗೆ ಕಾಫಿಗೆ ಮೊದಲು, ಐದು ನಿಮಿಷ ಸುಮ್ನೆ ಕೂತ ಮೇಲೆ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿಗೆ ಇಳಿದರೆ ಸಣ್ಣ ತಗ್ಗು ಸಿಗುತ್ತದೆ, ಅಲ್ಲಿ ಇನ್ನೊಂದು ಕೈಯ ಮೂರು ಬೆರಳು ಇಡಿ, ತೀರಾ ಒತ್ತಬೇಡಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಉಪಾಯ ಬೇಡ, ಪೂರ್ತಿ 60 ಸೆಕೆಂಡು ಎಣಿಸಿ. ಯಾಕೆಂದರೆ ಎಣಿಸುವಾಗ ಬಡಿತ ಸಮ ಇದೆಯಾ, ನಡುನಡುವೆ ಒಂದೊಂದು ತಪ್ಪುತ್ತಿದೆಯಾ ಅಂತಲೂ ಗೊತ್ತಾಗಬೇಕು. ಕೆಲವರಲ್ಲಿ ಒಂದು ಬಡಿತ ಸರಿಯಾಗಿ, ಅದರ ಬೆನ್ನಿಗೇ ಇನ್ನೊಂದು ಅವಸರದಲ್ಲಿ ಬಲವಿಲ್ಲದೆ ಬೀಳುತ್ತದೆ. ಆ ಎರಡನೆಯದು ಕೈವರೆಗೆ ಮುಟ್ಟುವುದೇ ಇಲ್ಲ. ಆಗ ವಾಚು 40 ಅನ್ನುತ್ತದೆ, ಹೃದಯ ನಿಜವಾಗಿ 80 ಸಲ ಬಡಿದಿರುತ್ತದೆ. ಇದು ಇಸಿಜಿಯಲ್ಲೇ ತಿಳಿಯುವುದು.

ಪುಸ್ತಕದ ಲೆಕ್ಕ 60ರಿಂದ 100. ಆದರೆ ದಿನಾ ಗುಡ್ಡ ಹತ್ತಿ ಇಳಿಯುವವರಿಗೆ, ಮೈಮುರಿದು ತೋಟದ ಕೆಲಸ ಮಾಡುವವರಿಗೆ, ಓಡುವ ಹುಡುಗರಿಗೆ 50ರ ಆಸುಪಾಸು ಇರುವುದು ಸಾಮಾನ್ಯ. ನಿದ್ದೆಯಲ್ಲಿ ಇನ್ನೂ ಇಳಿಯುತ್ತದೆ. ಸುಸ್ತಿಲ್ಲ, ತಲೆ ತಿರುಗುವುದಿಲ್ಲ, ನಾಲ್ಕು ಮೆಟ್ಟಿಲು ಹತ್ತಿದರೆ ಬಡಿತ ಚೆನ್ನಾಗಿ ಏರುತ್ತದೆ ಅಂದರೆ ಅದನ್ನು ಏರಿಸುವ ಅಗತ್ಯವೇ ಇಲ್ಲ. ಹತ್ತಿದರೂ 50ರಲ್ಲೇ ನಿಂತಿದೆ, ಜೊತೆಗೆ ಏದುಸಿರು ಬರುತ್ತಿದೆ ಅಂದರೆ ಡಾಕ್ಟರಿಗೆ ತೋರಿಸಿ. 40ಕ್ಕಿಂತ ಕೆಳಗಿದ್ದರೆ ತೊಂದರೆ ಇರಲಿ ಬಿಡಲಿ, ತೋರಿಸಲೇಬೇಕು.

ಈಗ ಗುಳಿಗೆ ಡಬ್ಬ. ನಮ್ಮ ಕಡೆ ಇದು ಬೇರೆ ಊರಿಗಿಂತ ಜಾಸ್ತಿ ಮುಖ್ಯ, ಯಾಕೆಂದರೆ ಬಿಪಿಗೆ ಊರಿನ ಡಾಕ್ಟರು, ಹೃದಯಕ್ಕೆ ಮಂಗಳೂರು, ಕಣ್ಣಿಗೆ ಕಾಸರಗೋಡು, ಕೈ ನಡುಕಕ್ಕೆ ಯಾರೋ ಹೇಳಿದ ಇನ್ನೊಬ್ಬರು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಸ್ಟ್ರಿಪ್ ತಿರುಗಿಸಿ ಸಣ್ಣಕ್ಷರದ ಹೆಸರು ಓದಿ. ಅಟೆನೊಲಾಲ್, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ಪ್ರೊಪ್ರನೊಲಾಲ್, ಹೀಗೆ 'ಲಾಲ್' ಅಂತ ಮುಗಿಯುವವೆಲ್ಲ ಬಡಿತ ಇಳಿಸುವ ಗುಳಿಗೆಗಳೇ. ಡಿಲ್ಟಿಯಾಜೆಮ್, ವೆರಪಾಮಿಲ್, ಡಿಗಾಕ್ಸಿನ್, ಕ್ಲೋನಿಡಿನ್, ಅಮಿಯೊಡರೋನ್ ಕೂಡ ಅದೇ ಸಾಲಿಗೆ. ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಕೂಡ ಇಳಿಸಬಹುದು, ಅದು ಯಾರಿಗೂ ನೆನಪಾಗುವುದಿಲ್ಲ. ಎರಡು ಬೇರೆ ಚೀಟಿಯಲ್ಲಿ ಎರಡು 'ಲಾಲ್' ಇದ್ದರೆ ಬಡಿತ ಇಳಿಯದೆ ಏನಾಗುತ್ತದೆ?

ಡಬ್ಬದಲ್ಲಿ ಇರದೆ ಫ್ರಿಜ್ಜಿನ ಬಾಗಿಲಲ್ಲೋ ಕಿಟಕಿಯಲ್ಲೋ ಇರುವ ಕಣ್ಣಿನ ಮದ್ದನ್ನೂ ನೋಡಿ. ಗ್ಲಾಕೋಮಾಗೆ (ಕಣ್ಣಿನೊಳಗಿನ ಒತ್ತಡದ ಕಾಯಿಲೆಗೆ) ಹಾಕುವ ಟಿಮೊಲಾಲ್ ಹನಿ ಕಣ್ಣಿನಿಂದ ಮೂಗಿಗೆ ಇಳಿದು ಅಲ್ಲಿಂದ ರಕ್ತಕ್ಕೆ ಸೇರುತ್ತದೆ. ವಯಸ್ಸಾದವರಲ್ಲಿ ಆ ಒಂದೆರಡು ಹನಿಯೇ ನಾಡಿ ನಿಧಾನ ಮಾಡಿದ್ದುಂಟು. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿದರೆ ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಇಷ್ಟಾದರೂ ಯಾವ ಗುಳಿಗೆಯನ್ನೂ ನೀವೇ ನಿಲ್ಲಿಸಬೇಡಿ. 'ಲಾಲ್' ಗುಳಿಗೆ ಥಟ್ಟನೆ ಬಿಟ್ಟರೆ ಬಿಪಿ ಹಾರುತ್ತದೆ, ಹೃದಯದ ಕಾಯಿಲೆ ಇದ್ದವರಿಗೆ ಎದೆನೋವು, ಹಾರ್ಟ್ ಅಟ್ಯಾಕ್ ಕೂಡ ಆಗಬಹುದು. ಡಾಕ್ಟರು ಮೆಲ್ಲ ಇಳಿಸುತ್ತಾರೆ ಅಥವಾ ಬೇರೆ ಬರೆಯುತ್ತಾರೆ.

ಗುಳಿಗೆಯ ಕಾರಣ ಅಲ್ಲ ಅಂತಾದರೆ ರಕ್ತಪರೀಕ್ಷೆ. ಟಿಎಸ್‌ಎಚ್ (ಥೈರಾಯ್ಡಿನದ್ದು), ಪೊಟ್ಯಾಶಿಯಂ (ರಕ್ತದ ಒಂದು ಲವಣ), ಕ್ರಿಯಾಟಿನಿನ್ (ಕಿಡ್ನಿಯದ್ದು) ಮೂರನ್ನೂ ಕೇಳಿ ಮಾಡಿಸಿ. ಥೈರಾಯ್ಡ್ ಕಡಿಮೆ ಇದ್ದರೆ ಚಳಿ, ಮಲಬದ್ಧತೆ, ಮೈ ಭಾರ, ಜೊತೆಗೆ ನಿಧಾನ ನಾಡಿ. ಗುಳಿಗೆ ಶುರುಮಾಡಿದ ಕೆಲವು ವಾರಗಳಲ್ಲಿ ಬಡಿತ ತಾನಾಗಿ ಮೇಲೆ ಬರುತ್ತದೆ, ಖಾಲಿ ಹೊಟ್ಟೆಗೆ ನೀರಲ್ಲಿ ನುಂಗಿ ಕಾಫಿಗೆ ಕಡಿಮೆ ಅಂದರೆ ಅರ್ಧ ಗಂಟೆ ಕಾಯಬೇಕು ಅಷ್ಟೇ.

ಪೊಟ್ಯಾಶಿಯಂ ವಿಷಯ ಸ್ವಲ್ಪ ಸೂಕ್ಷ್ಮ. ಸುಸ್ತು ಅಂದ ಕೂಡಲೇ ನಾವು ಮಾಡುವ ಮೊದಲ ಕೆಲಸ ಬೊಂಡ (ಎಳನೀರು) ಕೆತ್ತಿ ಕೊಡುವುದು. ಆರೋಗ್ಯವಂತರಿಗೆ ಏನೂ ಆಗದು. ಆದರೆ ಕಿಡ್ನಿ ದುರ್ಬಲ ಇದ್ದವರು, ಬಿಪಿಗೆ, ಹೃದಯಕ್ಕೆ ಅಂತ ಟೆಲ್ಮಿಸಾರ್ಟನ್, ಲೊಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಗುಳಿಗೆ ತಿನ್ನುವವರು ದಿನಕ್ಕೆ ಮೂರು ನಾಲ್ಕು ಬೊಂಡ ಕುಡಿದರೆ ರಕ್ತದಲ್ಲಿ ಪೊಟ್ಯಾಶಿಯಂ ಏರಿ ಹೃದಯ ಇನ್ನೂ ನಿಧಾನ ಆಗಬಹುದು. ಜೊತೆಗೆ ಒಂದು 'ಲಾಲ್' ಇದ್ದರಂತೂ ಅಪಾಯ ಜಾಸ್ತಿ.

ರಾತ್ರಿ ಮಾತ್ರ ಬಡಿತ ತೀರಾ ಇಳಿಯುವುದು, ಗೊರಕೆಯ ನಡುವೆ ಉಸಿರು ನಿಲ್ಲುವುದು ಇದ್ದರೆ ಸ್ಲೀಪ್ ಅಪ್ನಿಯ ಪರೀಕ್ಷೆ ಮಾಡಿಸಿ. ಗಂಡನಿಗೆ ಗೊತ್ತಾಗುವುದಿಲ್ಲ, ಹೆಂಡತಿಯನ್ನು ಕೇಳಿ!

ತೋಟಕ್ಕೋ ಗದ್ದೆಗೋ ಕೀಟನಾಶಕ ಹೊಡೆದು ಬಂದ ಮೇಲೆ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜು, ನಾಡಿ ನಿಧಾನ ಅಂದರೆ ಅದು ವಿಷ ಏರಿದ ಲಕ್ಷಣ. ಬಟ್ಟೆ ಕಳಚಿ, ಸೋಪು ಹಾಕಿ ಮೈ ತೊಳೆದು, ಬಾಟಲಿ ಸಮೇತ ಆಸ್ಪತ್ರೆಗೆ. ಮಕ್ಕಳು ಹಳದಿ ಕಣಗಿಲೆಯ ಕಾಯಿ ಕಚ್ಚಿದರೂ ಹೀಗೇ ತಡಮಾಡದೆ ಓಡಬೇಕು.

ಇನ್ನು ಮನೆಮದ್ದು. ಕಾಫಿ ಸ್ವಲ್ಪ ಹೊತ್ತು ಚುರುಕು ಮಾಡಬಹುದು, ದಿನಾ ಕುಡಿಯುವವರಿಗೆ ಅದೂ ಇಲ್ಲ. ಕಷಾಯ ಬಾಯಿಗೆ ರುಚಿ, ಅಷ್ಟೇ. ಕೆಮ್ಮಿದರೆ ಹೃದಯ ಸರಿಯಾಗುತ್ತದೆ ಅನ್ನುವ ವಾಟ್ಸಾಪ್ ಮೆಸೇಜನ್ನು ಡಿಲೀಟ್ ಮಾಡಿ. ವ್ಯಾಯಾಮ ಮಾಡುವಾಗ ಬಡಿತ ಏರುತ್ತದೆ ನಿಜ, ಆದರೆ ತಿಂಗಳುಗಟ್ಟಲೆ ಮಾಡಿದರೆ ಕೂತಾಗಿನ ಬಡಿತ ಇಳಿಯುತ್ತದೆ. ಆರೋಗ್ಯಕ್ಕೆ ಮಾಡಿ, ನಂಬರ್ ಏರಿಸಲಿಕ್ಕೆ ಬೇಡ.

ಜಾತ್ರೆಯ ಸಾಲಿನಲ್ಲಿ ನಿಂತು, ರಕ್ತ ನೋಡಿ, ಮಲಬದ್ಧತೆಯಲ್ಲಿ ಮುಕ್ಕಿರಿದು, ಬಡಿತ ಒಮ್ಮೆಗೇ ಇಳಿದು ಕಣ್ಣು ಕತ್ತಲೆ ಬರುವವರಿಗೆ ಮಾತ್ರ ನಮ್ಮ ಕೈಯಲ್ಲೇ ಉಪಾಯ ಉಂಟು. ಕಾಲಿಗೆ ಕಾಲು ಹೆಣೆದು ತೊಡೆ ಬಿಗಿಮಾಡಿ, ಮುಷ್ಟಿ ಬಿಗಿಹಿಡಿಯಿರಿ, ಆಗದಿದ್ದರೆ ಅಲ್ಲೇ ಮಲಗಿ ಕಾಲು ಎತ್ತರಕ್ಕಿಡಿ. ನಾಚಿಕೆ ಮಾಡಬೇಡಿ. ನೀರು ಚೆನ್ನಾಗಿ ಕುಡಿಯಿರಿ.

ಹೃದಯದ ಒಳಗಿನ ವಿದ್ಯುತ್ತಿನ ದಾರಿಯೇ ಕೆಟ್ಟಿದ್ದರೆ ಕಷಾಯವೂ ಇಲ್ಲ, ಗುಳಿಗೆಯೂ ಸಾಲದು. ಬಡಿತ ನಡೆಸುವ ಪುಟ್ಟ ಯಂತ್ರ, ಪೇಸ್‌ಮೇಕರೇ ಬೇಕು. ಹೆದರುವಂಥದ್ದಲ್ಲ. 1958ರಲ್ಲಿ ಮೊದಲ ಬಾರಿಗೆ ಅದನ್ನು ಮೈಯೊಳಗೆ ಹಾಕಿಸಿಕೊಂಡ ಸ್ವೀಡನ್ನಿನ ಆರ್ನೆ ಲಾರ್ಸನ್, ಒಂದಾದ ಮೇಲೊಂದು ಬದಲಿಸಿಕೊಳ್ಳುತ್ತಾ 2001ರವರೆಗೆ, 86 ವರ್ಷ ಬದುಕಿದರು. ಹಾಕಿಸಿದ ಮೇಲೆ ಕೆಲವು ವಾರ ಆ ಕಡೆಯ ಕೈ ಭುಜಕ್ಕಿಂತ ಮೇಲೆ ಎತ್ತಬಾರದು, ಹಾಗಾಗಿ ಅಡಿಕೆ ಕೊಯ್ಲಿನ ದೋಟಿಯನ್ನು ಮಗನಿಗೆ ಕೊಡಿ.

ಡಾಕ್ಟರ ಹತ್ತಿರ ಹೋಗುವಾಗ ಎಲ್ಲ ಸ್ಟ್ರಿಪ್, ಕಣ್ಣಿನ ಹನಿ, ಒಂದು ವಾರ ಬರೆದಿಟ್ಟ ಬಡಿತದ ಲೆಕ್ಕ, ಹಳೆಯ ಇಸಿಜಿ ಎಲ್ಲ ಒಂದು ಚೀಲದಲ್ಲಿ ತೆಗೆದುಕೊಂಡು ಹೋಗಿ. ಇಸಿಜಿ ಕಾಗದ ಕೆಲವು ವರ್ಷಕ್ಕೆ ಮಾಸುತ್ತದೆ, ಈಗಲೇ ಫೋಟೊ ತೆಗೆದಿಡಿ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಶಾಖಕ್ಕೆ ಇಡೀ ಕಾಗದ ಕಪ್ಪಾಗಿಬಿಡುತ್ತದೆ.